ಮುಚ್ಚಳದ ಮೇಲಿನ ಕರಿಬೇವು

ಸಾಸಿವೆ ಸಿಡಿಯುವುದಕ್ಕೂ ಮೂರು ಜನ ಮೂರು ದಿಕ್ಕಿನಿಂದ ಕೂಗುವುದಕ್ಕೂ ಸರಿಹೋಯಿತು.

“ಮಂಗಳಾ, ಆಗ ಹೇಳಿದ್ನಲ್ಲ, ಅದೇನಾಯ್ತು?” ಎಂದು ಹಜಾರದಿಂದ ಗಂಡ ಮರುಳಸಿದ್ದಪ್ಪ ಕೇಳಿದರು. ಯಾವಾಗ ಹೇಳಿದ್ದು, ಏನು ಹೇಳಿದ್ದು ಎಂಬುದನ್ನು ನೆನಪಿಟ್ಟುಕೊಳ್ಳುವುದು ಅವರ ಪ್ರಕಾರ ಹೇಳಿಸಿಕೊಂಡವರ ಕೆಲಸ.

“ಗೀಸರ್ ರಿಪೇರಿಯವನು ಹಬ್ಬ ಮುಗಿಸ್ಕೊಂಡು ಬರ್ತಾನಂತೆ,” ಎಂದಳು ಸರ್ವಮಂಗಳ, ಕರಿಬೇವು ಕಿತ್ತು ಎಣ್ಣೆಗೆ ಹಾಕುತ್ತ.

“ಅಮ್ಮಾ, ಅದೆಲ್ಲಿ?” ಎಂದಳು ಕೋಣೆಯೊಳಗಿಂದ ಮಗಳು ಹಂಸಾ.

“ಇಸ್ತ್ರಿ ಬಟ್ಟೆ ಗಂಟಲ್ಲಿ. ಕೆಳಗಡೆ ಇದೆ ನೋಡು.”

ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಅವರೆಕಾಳು ಹಿದುಕುತ್ತಿದ್ದ ಅತ್ತೆ ಗುರುಶಾಂತಮ್ಮ, “ನಿನ್ನೆ ಆ ಹೆಂಗಸಿನ ವಿಷಯ ಹೇಳ್ತಿದ್ನಲ್ಲೇ, ಎಲ್ಲೀಗಂಟ ಹೇಳಿದ್ದೆ?” ಎಂದರು.

“ಅವಳ ನಾದಿನಿ ಬಸ್ಸಲ್ಲಿ ಸಿಕ್ಕಿದ್ಲು, ಅಲ್ಲೀಗಂಟ.”

“ಹ್ಞಾ, ಸಿಕ್ಕಿ ಏನಂದ್ಲು ಗೊತ್ತಾ...”

ಮನೆಯಲ್ಲಿ ಜನ ನಾಲ್ವರು, ನೆನಪು ಒಬ್ಬಳದು. ಎಲ್ಲರೂ ತಮ್ಮ ತಮ್ಮ ಮಾತನ್ನು ಎಲ್ಲೆಂದರಲ್ಲಿ ಬಿಟ್ಟು ಎದ್ದುಹೋಗುತ್ತಿದ್ದರು. ಮರಳಿ ಬಂದಾಗ ಅದು ಬಿಟ್ಟ ಜಾಗದಲ್ಲೇ, ಧೂಳು ಒರೆಸಿ, ಬೆಚ್ಚಗೆ ಸಿಗುತ್ತಿತ್ತು. ಹೀಗೆ ಮೂರು ಮಾತುಗಳನ್ನು ಕೈಯಲ್ಲಿ ಹಿಡಿದುಕೊಂಡಾಗ ಅವಳದೇ ಒಂದು ಜಾರಿ ಬೀಳುವುದುಂಟು. ಆ ಸಂಕ್ರಾಂತಿಯಂದು ಬಿದ್ದದ್ದು ಖಾರದ ಹುಗ್ಗಿಗೆ ಹಾಕಬೇಕಾದ ಉಪ್ಪು.

ಅವರ ಮನೆಯಲ್ಲಿ ಹಬ್ಬದ ಅಡುಗೆಯನ್ನು ದೇವರಿಗೆ ಎಡೆ ಹಿಡಿಯುವ ತನಕ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಎಡೆಯಾದ ಮೇಲೆ ಮೊದಲ ತುತ್ತು ಗುರುಶಾಂತಮ್ಮನವರದು. ಅವರು ಅಂಗೈಗೆ ಒಂದಿಷ್ಟು ಹಾಕಿಸಿಕೊಂಡು, ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, “ಹ್ಞೂಂ, ಸರಿಯಾಗಿದೆ” ಎಂದರೆ ಊಟ ಶುರು. ಎಪ್ಪತ್ತೆಂಟು ವರ್ಷದ ಆ ನಾಲಿಗೆಯ ತೀರ್ಪಿನ ಮೇಲೆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ಅಂದು ಕೂಡ ಅವರು ಉಪ್ಪಿಲ್ಲದ ಹುಗ್ಗಿಯನ್ನು ಬಾಯಿಗಿಟ್ಟು “ಹ್ಞೂಂ, ಸರಿಯಾಗಿದೆ” ಎಂದರು. ಮರುಳಸಿದ್ದಪ್ಪ ಒಂದು ತುತ್ತು ತಿಂದು, ತಾಯಿಯ ಮುಖ ನೋಡಿ, ಸದ್ದಿಲ್ಲದೆ ಉಪ್ಪಿನಕಾಯಿಯ ಜಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಈ ವಯಸ್ಸಿನಲ್ಲಿ ಅತ್ತೆಗೆ ತನ್ನ ಮೇಲೆ ಕರುಣೆ ಹುಟ್ಟಿತೇ ಎಂದು ಸರ್ವಮಂಗಳೆಗೆ ಭಯವಾಯಿತು.

ಅಷ್ಟರಲ್ಲಿ ಫೋನು ಬಂತು. “ಮಂಗಳಾ ಆಂಟಿ, ಕೂಡ್ಲೇ ಬನ್ನಿ,” ಎಂದಳು ಟಾಕೀಸಿನಿಂದ ನಾಜ್ನೀನ್. “ನಿಮ್ಮಿಂದ ಅರ್ಧ ಜಿಲ್ಲೆ ಊಟ ಉಪ್ಪಾಗಿದೆ.”

*

ಟಾಕೀಸು ಎಂದರೆ ತುಮಕೂರಿನ ಹಳೆಯ ಪಾತಾಳಗಂಗಾ ಟಾಕೀಸು. ಸಿನಿಮಾ ನಿಂತು ಬಹಳ ಕಾಲ ಖಾಲಿ ಬಿದ್ದಿದ್ದ ಆ ಕಟ್ಟಡವನ್ನು ಒಂದು ಕಂಪನಿ ಹಿಡಿದು, ಕುರ್ಚಿಗಳನ್ನು ಕಿತ್ತು, ಸಾಲು ಸಾಲಾಗಿ ಕಪ್ಪು ಬೀರುಗಳಂಥ ಯಂತ್ರಗಳನ್ನು ಇಟ್ಟಿತ್ತು. ಆ ಯಂತ್ರಗಳೊಳಗೆ ಇದ್ದದ್ದು ಸರ್ವಮಂಗಳ.

ಒಬ್ಬರ ಬುದ್ಧಿಯಿಂದ ಒಂದು ಕಸುಬನ್ನಷ್ಟೇ ಅಚ್ಚು ತೆಗೆಯುವ ವಿದ್ಯೆ ಆ ಹೊತ್ತಿಗೆ ಬಂದಿತ್ತು. ಕಂಪನಿಯವರು ಅವಳ ತಲೆಗೆ ಜಾಲರಿಯಂಥದೊಂದು ಟೋಪಿ ಹಾಕಿ, ಕೆಲವು ತಿಂಗಳು ಅವಳು ಬೇಯಿಸಿದ್ದು, ಬಸಿದದ್ದು, ಬೈದದ್ದು ಎಲ್ಲವನ್ನೂ ಹಿಡಿದಿಟ್ಟರು. ಅದರಿಂದ ಹುಟ್ಟಿದವಳು ‘ಅಕ್ಕ’. ಫೋನಿನಲ್ಲಿ ಅಕ್ಕನನ್ನು ಕರೆದು ಒಲೆಯ ಮುಂದೆ ನಿಂತರೆ ಸಾಕು, ಹೆಜ್ಜೆ ಹೆಜ್ಜೆಗೂ ಮುಂದೇನು ಎಂದು ಅವಳ ದನಿಯಲ್ಲೇ ಹೇಳಿಕೊಡುತ್ತಿದ್ದಳು. “ಉರಿ ಸಣ್ಣ ಮಾಡು ಅಂದ್ನಲ್ಲ, ಕಿವಿ ಎಲ್ಲಿಟ್ಟಿದೀಯ?” ಎಂದು ಗದರುತ್ತಿದ್ದಳು. ಜನಕ್ಕೆ ಅದೇ ಹಿಡಿಸಿತು. ಬೈಸಿಕೊಂಡು ಮಾಡಿದ ಅಡುಗೆಗೆ ರುಚಿ ಜಾಸ್ತಿ ಎಂದು ಒಂಟಿ ಗಂಡಸರು ಹೇಳಿಕೊಂಡು ತಿರುಗಿದರು.

ಮೊದಲು ಒಂದೇ ಸರ್ವರ್ ಇತ್ತು, ಒಬ್ಬಳೇ ಅಕ್ಕ. ಎಲ್ಲ ಚೆನ್ನಾಗಿತ್ತು. ಕೇಳುವವರು ಹೆಚ್ಚಾದಂತೆ ಆ ಒಬ್ಬಳು ಏದುಸಿರು ಬಿಡತೊಡಗಿದಳು. ಹಾಗಾಗಿ ಹನ್ನೆರಡು ಸಾಲುಗಳಲ್ಲಿ ಹನ್ನೆರಡು ಅಕ್ಕಂದಿರನ್ನು ನಿಲ್ಲಿಸಿದರು. ಬರುವ ಕರೆಗಳನ್ನು ಹಂಚಲು ಬಾಗಿಲಲ್ಲಿ ಒಂದು ಪ್ರೋಗ್ರಾಂ ಇತ್ತು. ಅದರ ಹೆಸರು ಗೇಟ್‌ಕೀಪರ್. ಯಾವ ಸಾಲು ಖಾಲಿಯಿದೆಯೋ ಆ ಸಾಲಿಗೆ ಕರೆಯನ್ನು ದಬ್ಬುವುದಷ್ಟೇ ಅದಕ್ಕೆ ಗೊತ್ತು.

“ಹೋಟ್ಲಲ್ಲಿ ಒಬ್ಬ ಸಪ್ಲೈಯರ್‌ಗೆ ಕಾಫಿ ಹೇಳಿರ್ತೀರಾ,” ಎಂದು ಆ ಯಂತ್ರಗಳನ್ನು ನೋಡಿಕೊಳ್ಳುವ ನಾಜ್ನೀನ್ ವಿವರಿಸಿದಳು. “ಇನ್ನೊಬ್ಬ ಬಂದು ‘ಏನ್ ಬೇಕು ಸರ್’ ಅಂತಾನೆ. ಅವನಿಗೂ ಕಾಫಿ ಅಂತೀರಾ. ಮೂರನೆಯವನು ಬರ್ತಾನೆ. ಕೊನೆಗೆ ನಿಮ್ಮ ಟೇಬಲ್ ಮೇಲೆ ಮೂರು ಕಾಫಿ. ನಮ್ಮದೂ ಅದೇ ಕತೆ. ಮೊದಲ್ನೇ ಪ್ರಶ್ನೆ ಮೂರನೇ ಸಾಲಿಗೆ ಹೋಯ್ತು, ಅಲ್ಲಿ ಅಕ್ಕ ಉಪ್ಪು ಹಾಕು ಅಂದ್ಲು. ಮುಂದಿನ ಪ್ರಶ್ನೆ ಏಳನೇ ಸಾಲಿಗೆ. ಆ ಅಕ್ಕನಿಗೆ ಹಿಂದಿನ ಮಾತೇ ಗೊತ್ತಿಲ್ಲ. ಅವಳೂ ಉಪ್ಪು ಹಾಕು ಅಂದ್ಲು.”

“ಒಂದು ಸಲ ಬಾಯಿಗೆ ಹಾಕಿ ನೋಡಿದ್ರೆ ಗೊತ್ತಾಗಲ್ವೇನಮ್ಮ ಆ ಜನಕ್ಕೆ?” ಎಂದು ಕೇಳಿದ ಸರ್ವಮಂಗಳ ತಾನೇ ನಾಲಿಗೆ ಕಚ್ಚಿಕೊಂಡಳು. ಹಬ್ಬ. ಎಡೆಗೆ ಮುಂಚೆ ಯಾರೂ ರುಚಿ ನೋಡಿಲ್ಲ. ದಿನವೂ ಅಲ್ಲೊಂದು ಇಲ್ಲೊಂದು ನಡೆಯುತ್ತಿದ್ದ ತಪ್ಪು ಅಂದು ಸಾವಿರಾರು ಬಾಳೆಯೆಲೆಗಳ ಮೇಲೆ ಒಟ್ಟಿಗೇ ಬಡಿಸಿಕೊಂಡಿತ್ತು. ಹುಗ್ಗಿ ತಿಂದ ಬೀಗರು ನೀರಿನ ಚೊಂಬು ಹುಡುಕಿದ ವರ್ಣನೆಗಳೆಲ್ಲ ಸಂಜೆಯೊಳಗೆ ಊರೂರು ಸುತ್ತಿದವು.

ವಾರದೊಳಗೆ ಸುದ್ದಿ ಬೇರೆಯೇ ರೂಪ ತಾಳಿತು. ಅಕ್ಕನಿಗೆ ಮರೆವು ಬಂದಿದೆಯಂತೆ. ಅಕ್ಕ ಎಂದರೆ ಯಾರು? ನಮ್ಮ ಮರುಳಸಿದ್ದಪ್ಪನ ಹೆಂಡತಿ. ಎದುರುಮನೆಯವರು ನೆನಪಿಗೆ ಒಳ್ಳೆಯದೆಂದು ಒಂದೆಲಗ ತಂದುಕೊಟ್ಟರು. ತಿಪಟೂರಿನ ಚಿಕ್ಕಮ್ಮ ಬಂದು, ಅವಳ ಕೈ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ, “ನಾನು ಯಾರು ಹೇಳು ನೋಡೋಣ?” ಎಂದರು. “ಮದುವೆಗೆ ಕೊಟ್ಟ ಹಂಡೆ ವಾಪಸ್ ಇಸ್ಕೊಂಡು ಹೋದೋರು,” ಎಂದಳು ಸರ್ವಮಂಗಳ. ಚಿಕ್ಕಮ್ಮ ತೃಪ್ತರಾಗಿ, ಕಾಫಿ ಕೂಡ ಕುಡಿಯದೆ ಎದ್ದುಹೋದರು. ಮರುಳಸಿದ್ದಪ್ಪನವರು ಮಾತ್ರ ನಿಜಕ್ಕೂ ಗಾಬರಿಯಾಗಿದ್ದರು. ಹೆಂಡತಿಗೆ ಮರೆವು ಬಂದರೆ ತಮ್ಮ ಕನ್ನಡಕ, ಮಾತ್ರೆ, ಎಲ್‌ಐಸಿ, ತಾವು ಯಾರ ಜೊತೆ ಮಾತು ಬಿಟ್ಟಿದ್ದೇವೆ ಎಂಬುದೆಲ್ಲ ಶಾಶ್ವತವಾಗಿ ಕಳೆದುಹೋಗುತ್ತದಲ್ಲ.

ಕಂಪನಿಯ ಮಾಲೀಕ ಜಯತೀರ್ಥ ಮೃದುವಾಗಿ ಮಾತಾಡುವ ಮನುಷ್ಯ. “ನೋಡಿ ಮೇಡಂ, ಯುಗಾದಿ ತನಕ ನೋಡೋಣ. ಅವತ್ತೂ ಹೀಗೇ ಆದ್ರೆ ಜನ ಈ ದನೀನೇ ನಂಬಲ್ಲ. ಹುಬ್ಬಳ್ಳಿ ಕಡೆಯ ಒಬ್ಬರನ್ನ ನೋಡಿಟ್ಟಿದೀವಿ. ನಿಮ್ಮ ಅಚ್ಚು ಅಳಿಸಿ ಅವರದು ಹಾಕ್ಬೇಕಾಗತ್ತೆ,” ಎಂದ.

ಮನೆಗೆ ಬರುವ ಆಟೋದಲ್ಲಿ ಸರ್ವಮಂಗಳೆಗೆ ತನಗೇಕೆ ಇಷ್ಟು ಸಂಕಟವಾಗುತ್ತಿದೆ ಎಂದು ಆಶ್ಚರ್ಯವಾಯಿತು. ಅಳಿಸಿದರೆ ಅವಳಿಗೇನೂ ನೋವಾಗುವುದಿಲ್ಲ. ಆದರೆ ಮನೆಯಲ್ಲಿ ಅವಳನ್ನು ಎಲ್ಲರೂ ಕೇಳುತ್ತಿದ್ದದ್ದು ‘ಎಲ್ಲಿ’ ಎಂದು. ಎಲ್ಲಿಟ್ಟೆ, ಎಲ್ಲಿದೆ, ಎಲ್ಲಿಗೆ ನಿಲ್ಲಿಸಿದ್ದೆ. ಟಾಕೀಸಿನಲ್ಲಿ ಗುರುತಿಲ್ಲದ ಊರಿನ ಗುರುತಿಲ್ಲದ ಜನ ಅವಳನ್ನು ‘ಮುಂದೇನು’ ಎಂದು ಕೇಳುತ್ತಿದ್ದರು. ಐವತ್ತೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳ ಮುಂದೆ ಯಾರೂ ಇಟ್ಟಿರಲಿಲ್ಲ. ಆ ಪ್ರಶ್ನೆಯನ್ನು ಹುಬ್ಬಳ್ಳಿಯವಳಿಗೆ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ.

*

ನಾಜ್ನೀನ್ ಮೊದಲು ಮಾಡಿದ ಉಪಾಯ ಅಂಟಿಸುವುದು. ಯಾರು ಮೊದಲು ಯಾವ ಸಾಲಿನ ಅಕ್ಕನ ಹತ್ತಿರ ಹೋದರೋ ಕೊನೆಯವರೆಗೂ ಅವರು ಅವಳವರೇ. ಗೇಟ್‌ಕೀಪರ್ ಆ ಗುರುತು ಇಟ್ಟುಕೊಳ್ಳಬೇಕು.

ಕೆಲವು ದಿನ ಸೊಗಸಾಗಿ ನಡೆಯಿತು. ಆಮೇಲೆ ನೋಡಿದರೆ ಬಾಯಿಬಡುಕರೆಲ್ಲ ಅದು ಹೇಗೋ ಐದನೆಯ ಸಾಲಿಗೇ ಅಂಟಿಕೊಂಡಿದ್ದರು. ಒಬ್ಬರು ಬೆಂಡೆಕಾಯಿ ಹೆಚ್ಚುತ್ತ ತಮ್ಮ ಆಸ್ತಿ ಜಗಳ ಹೇಳುವರು, ಇನ್ನೊಬ್ಬರು ಹಾಲು ಕಾಯಿಸುವುದು ಹೇಗೆಂದು ಕೇಳಿ ಅದು ಕಾಯುವವರೆಗೆ ಹಾಡು ಹೇಳುವರು. ಐದನೆಯ ಅಕ್ಕ ಬೆವರುತ್ತಿದ್ದರೆ ಒಂಬತ್ತನೆಯ ಅಕ್ಕ ಕೈಕಟ್ಟಿ ಕೂತಿದ್ದಳು. ಒಂದು ಭಾನುವಾರ ಐದನೆಯ ಸಾಲು ಕಾದು ನಿಂತುಹೋಯಿತು. ಅವಳಿಗೆ ಅಂಟಿಕೊಂಡಿದ್ದ ಅಷ್ಟೂ ಜನ ಅರ್ಧ ಬೆಂದ ಅಡುಗೆಯ ಜೊತೆ ನಡುನೀರಿನಲ್ಲಿ ಉಳಿದರು. ಗುಬ್ಬಿಯ ಒಬ್ಬರು ಸಹಾಯವಾಣಿಗೆ ಫೋನು ಮಾಡಿ, “ಬೇರೆ ಅಕ್ಕ ಬೇಡ ಕಣ್ರೀ, ನನ್ನ ಅಕ್ಕನ್ನೇ ಕೊಡಿ. ಅವಳಿಗೆ ನಂದೆಲ್ಲ ಗೊತ್ತಿತ್ತು,” ಎಂದು ಬಿಕ್ಕಿದರು.

ಎರಡನೆಯ ಉಪಾಯ ಕಣಜ. ಪ್ರೊಜೆಕ್ಟರ್ ಕೋಣೆಯಲ್ಲಿ ಒಂದು ದೊಡ್ಡ ನೆನಪಿನ ಪೆಟ್ಟಿಗೆ ಇಟ್ಟು, ಯಾರು ಏನು ಹಾಕಿದ್ದಾರೆ ಎಂಬುದನ್ನೆಲ್ಲ ಹನ್ನೆರಡು ಅಕ್ಕಂದಿರೂ ಅಲ್ಲೇ ಬರೆದು ಅಲ್ಲೇ ಓದಬೇಕೆಂದು ಕಟ್ಟಳೆ ಮಾಡಿದಳು. ಯಾರನ್ನು ಯಾವ ಸಾಲಿಗೆ ಕಳಿಸಿದರೂ ಚಿಂತೆಯಿಲ್ಲ. ಪರೀಕ್ಷೆಗೆಂದು ಕಂಪನಿಯವರೆಲ್ಲ ತಮ್ಮ ನೆಂಟರಿಷ್ಟರಿಗೆ ಹೇಳಿ ಒಂದೇ ಹೊತ್ತಿನಲ್ಲಿ ಒಲೆ ಹಚ್ಚಿಸಿದರು. ಹನ್ನೆರಡು ಅಕ್ಕಂದಿರೂ ಒಂದೇ ಕಣಜದ ಬಾಗಿಲಿಗೆ ಓಡಿ ಸಾಲು ನಿಂತರು. “ಎಣ್ಣೆ ಕಾದಿದೆ, ಮುಂದೇನು?” ಎಂದು ಕೇಳಿದವರಿಗೆ “ತಾಳಿ, ನೋಡಿ ಹೇಳ್ತೀನಿ” ಎಂಬ ಉತ್ತರ ಬರುವ ಹೊತ್ತಿಗೆ ಒಗ್ಗರಣೆ ಇದ್ದಿಲಾಗಿತ್ತು. ಸ್ವಲ್ಪ ಹೊತ್ತಿಗೆ ಕಣಜವೇ ಕೈಕೊಟ್ಟಿತು. ಮೊದಲು ಅಕ್ಕಂದಿರು ಒಬ್ಬೊಬ್ಬರಾಗಿ ಮರೆಯುತ್ತಿದ್ದರು, ಈಗ ಎಲ್ಲರೂ ಒಟ್ಟಿಗೇ ಮರೆತರು.

“ನಂಗೆ ಮೊಟ್ಟೆ ಬೇಯ್ಸೋದು ಬಿಟ್ಟು ಏನೂ ಬರಲ್ಲ ಆಂಟಿ,” ಎಂದಳು ನಾಜ್ನೀನ್, ಟಾಕೀಸಿನ ಎಸಿ ಚಳಿಗೆ ಸ್ವೆಟರಿನೊಳಗೆ ಮುದುರಿಕೊಂಡು. “ನಾನು ಯಾಕೆ ಈ ಕೆಲಸಕ್ಕೆ ಸೇರಿದೆ?”

ಸರ್ವಮಂಗಳ ಮನೆಗೆ ಬಂದು ಕರಿಬೇವು ಬಿಡಿಸಲು ಕುಳಿತಳು. ಕರಿಬೇವಿನ ಒಂದು ಕಡ್ಡಿ ಜಾರಿ ಪಕ್ಕದಲ್ಲಿದ್ದ ಪಾತ್ರೆಯ ಮುಚ್ಚಳದ ಮೇಲೆ ಬಿತ್ತು. ಅದನ್ನು ಎತ್ತಿಹಾಕಲು ಹೋದ ಕೈ ಹಾಗೇ ನಿಂತಿತು.

ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಮನೆಯಲ್ಲಿ ನಾಲ್ವರು ವಾರಗಿತ್ತಿಯರು. ಹಬ್ಬದ ದಿನ ಒಬ್ಬಳು ಒಲೆ ಬಿಟ್ಟರೆ ಇನ್ನೊಬ್ಬಳು ಹಿಡಿಯಬೇಕು. ಒಬ್ಬಳ ಮಗು ಅಳುತ್ತದೆ, ಒಬ್ಬಳ ಗಂಡ ಕರೆಯುತ್ತಾನೆ. ರುಚಿ ನೋಡುವಂತಿಲ್ಲ, ಹಿಂದೆ ಇದ್ದವಳನ್ನು ಹುಡುಕಿ ಕೇಳಲು ಪುರುಸೊತ್ತಿಲ್ಲ. ಅದಕ್ಕೆ ಗುರುಶಾಂತಮ್ಮ ಒಂದು ಪದ್ಧತಿ ಮಾಡಿದ್ದರು. ಉಪ್ಪು ಹಾಕಿದವಳು ಮುಚ್ಚಳದ ಮೇಲೆ ಕರಿಬೇವಿನ ಒಂದು ಕಡ್ಡಿ ಇಡಬೇಕು, ತೊಟ್ಟು ಹೊರಕ್ಕೆ. ಹುಳಿಯೂ ಬಿದ್ದಿದ್ದರೆ ಎರಡು ಕಡ್ಡಿ. ಮುಂದೆ ಯಾರು ಬಂದರೂ ಪಾತ್ರೆ ನೋಡಿದರೆ ಸಾಕು. ವಾರಗಿತ್ತಿಯರು ಬೇರೆ ಬೇರೆ ಮನೆ ಮಾಡಿಕೊಂಡ ಮೇಲೆ ಒಲೆಗೆ ಒಬ್ಬಳೇ ಉಳಿದಳು. ಒಬ್ಬಳಿಗೆ ಗುರುತು ಯಾಕೆಂದು ಪದ್ಧತಿ ಬಿಟ್ಟುಹೋಗಿತ್ತು.

ಅವಳು ಅಲ್ಲಿಂದಲೇ ನಾಜ್ನೀನ್‌ಗೆ ಫೋನು ಮಾಡಿದಳು.

“ಅಕ್ಕಂದಿರಿಗೆ ನೆನಪು ಯಾಕಮ್ಮ ಬೇಕು? ಗುರುತನ್ನ ಪಾತ್ರೆ ಮೇಲೇ ಇಡೋಣ. ಪ್ರತಿ ಸಲ ಉತ್ತರ ಹೇಳಿದ ಮೇಲೆ, ಬೇಳೆ ಬೆಂದಿದೆ, ಉಪ್ಪು ಬಿದ್ದಿದೆ, ಹುಳಿ ಇಲ್ಲ ಅಂತ ಒಂದು ಚೀಟಿ ಥರ ಮಾಡಿ ಕೇಳಿದವರ ಫೋನಿಗೇ ಕೊಟ್ಟುಬಿಡು. ಮುಂದಿನ ಪ್ರಶ್ನೆ ಜೊತೆ ಅದು ತಾನಾಗೇ ಬರ್ಲಿ. ಯಾವ ಸಾಲಿನ ಅಕ್ಕ ಎತ್ಕೊಂಡ್ರೂ ಮೊದ್ಲು ಅದನ್ನ ನೋಡ್ಲಿ.”

ಆ ಕಡೆ ನಾಜ್ನೀನ್ ಸರಸರನೆ ಏನೋ ಗೀಚಿಕೊಂಡಳು. ಆಮೇಲೆ, “ಆದ್ರೆ ಆಂಟಿ, ಚೀಟಿ ಅವರ ಕೈಲೇ ಇದ್ರೆ ತಿದ್ದಿಬಿಟ್ರೆ?” ಎಂದಳು.

“ತಿದ್ದೇ ತಿದ್ತಾರೆ. ನಮ್ಮ ದೊಡ್ಡ ವಾರಗಿತ್ತಿ ಹರಟೆಗೆ ಹೋಗೋ ಅವಸರಕ್ಕೆ ಉಪ್ಪು ಹಾಕದೇನೇ ಎಲೆ ಇಟ್ಟು ಓಡಿದ್ಲು. ಅವತ್ತಿಂದ ನಮ್ಮತ್ತೆ ಉಪ್ಪು ಬಿದ್ದಿದ್ದನ್ನ ಕಣ್ಣಾರೆ ನೋಡಿ, ಆಮೇಲೆ ಆ ಕಡ್ಡಿಗೆ ತಾವೇ ಕೆಂಪು ದಾರ ಕಟ್ಟಿ ಕೊಡೋರು. ಆ ಗಂಟು ಅವರನ್ನ ಬಿಟ್ಟು ಬೇರೆ ಯಾರಿಗೂ ಬರ್ತಿರ್ಲಿಲ್ಲ. ಗಂಟು ಇಲ್ದಿದ್ರೆ ಎಲೆ ಬರೀ ಎಲೆ.”

“ಸೀಲು!” ಎಂದು ನಾಜ್ನೀನ್ ಕಿರುಚಿದಳು. “ಹನ್ನೆರಡು ಜನ ಅಕ್ಕಂದಿರಿಗೂ ಒಂದೇ ಗುಟ್ಟಿನ ಗಂಟು ಕಲಿಸ್ಬಿಡ್ತೀನಿ. ಆಂಟಿ, ನಿಮ್ಮತ್ತೆ ಏನು ಓದಿದಾರೆ?”

“ನನ್ನ ಮುಖ ಓದಿದಾರೆ,” ಎಂದಳು ಸರ್ವಮಂಗಳ.

ಅವಳು ಫೋನಿಟ್ಟು ಹಿತ್ತಿಲಿಗೆ ಹೋದರೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗುರುಶಾಂತಮ್ಮ ಫೋನು ಕಿವಿಗಿಟ್ಟುಕೊಂಡು “ಆಮೇಲೆ?” ಎನ್ನುತ್ತ ನಿಂತಿದ್ದರು. ವಚನ ಕೇಳಲೆಂದು ಮಗ ಕೊಡಿಸಿದ ಫೋನು. ಸೊಸೆಯನ್ನು ಕಂಡು ಚಕ್ಕನೆ ಕೆಳಗಿಳಿಸಿದರು. ಅಕ್ಕ ಬಂದ ಹೊಸತರಲ್ಲಿ “ಆ ಪೆಟ್ಟಿಗೆ ಮಾತು ಕೇಳಿ ನಾನು ಅಡುಗೆ ಮಾಡ್ಬೇಕಾ?” ಎಂದು ಮೂಗು ಮುರಿದವರು ಅವರೊಬ್ಬರೇ. ವಚನ ಕೇಳುವವರು ನಡುನಡುವೆ “ಆಮೇಲೆ?” ಎಂದು ಯಾಕೆ ಕೇಳುತ್ತಾರೆ ಎಂದು ಸರ್ವಮಂಗಳೆಗೆ ಹೊಳೆಯಬಹುದಿತ್ತು. ಆದರೆ ಹಜಾರದಿಂದ ಯಾರೋ ಕರೆದರು.

*

ಯುಗಾದಿಯ ಬೆಳಿಗ್ಗೆ ಸರ್ವಮಂಗಳ ಎಣ್ಣೆಸ್ನಾನ ಮಾಡಿ, ಹೂರಣ ರುಬ್ಬಿ, ಒಬ್ಬಟ್ಟಿನ ಸಾರಿಗೆ ಬೇಳೆ ಬೇಯಲಿಟ್ಟು ಟಾಕೀಸಿಗೆ ಹೊರಟಳು. “ಊಟದ ಹೊತ್ತಿಗೆ ಬಂದುಬಿಡ್ತೀನಿ. ಸಾರು ಬಂದು ಮಾಡ್ತೀನಿ, ನೀವು ಕೂತ್ಕಳಿ ಅತ್ತೆ,” ಎಂದಳು.

“ಕೂತೇ ಇದೀನಲ್ಲ,” ಎಂದರು ಗುರುಶಾಂತಮ್ಮ.

ಟಾಕೀಸಿನಲ್ಲಿ ಪರದೆ ಇದ್ದ ಜಾಗದಲ್ಲಿ ಹನ್ನೆರಡು ದೀಪಗಳು ಒಂದೊಂದೇ ಹಸಿರಿನಿಂದ ಹಳದಿಗೆ ತಿರುಗುತ್ತಿದ್ದವು. ನಾಡಿನ ಎಲ್ಲ ಹೂರಣಗಳೂ ಒಂದೇ ಹೊತ್ತಿಗೆ ಒಲೆಯ ಮೇಲಿದ್ದವು. ಹನ್ನೊಂದರ ಹೊತ್ತಿಗೆ ನಾಲ್ಕನೆಯ ಸಾಲು ಬಿತ್ತು. ಜಯತೀರ್ಥ ಎದೆ ಹಿಡಿದುಕೊಂಡ. ಆದರೆ ಯಾರೂ ಅಳಲಿಲ್ಲ. ನಾಲ್ಕನೆಯವಳ ಜನರೆಲ್ಲ ತಂತಮ್ಮ ಗಂಟಿನ ಚೀಟಿ ಹಿಡಿದು ಬೇರೆ ಬೇರೆ ಸಾಲಿಗೆ ಹೋದರು. ಅಲ್ಲಿನ ಅಕ್ಕಂದಿರು ಚೀಟಿ ನೋಡಿ, “ಉಪ್ಪು ಬಿದ್ದಾಗಿದೆ, ಇನ್ನು ಬೆಲ್ಲ ಕುಟ್ಟು, ಬೇಗ,” ಎಂದರು. ತಮ್ಮ ಅಕ್ಕ ಬದಲಾದದ್ದು ಯಾರಿಗೂ ತಿಳಿಯಲಿಲ್ಲ. ನಾಜ್ನೀನ್ ಕುರ್ಚಿಯ ಮೇಲೆ ನಿಂತು ಕುಣಿದಳು.

“ಆಂಟಿ, ಸ್ವಲ್ಪ ಹೊತ್ತು ಒಂದು ಸಹಾಯ ಮಾಡ್ತೀರಾ? ನಾಲ್ಕನೇ ಸಾಲು ಏಳೋವರ್ಗೂ ನೀವೇ ಒಂದು ಸಾಲು ಆಗಿಬಿಡಿ. ಹದಿಮೂರನೇ ಅಕ್ಕ. ಹೆಡ್‌ಫೋನ್ ಹಾಕ್ಕೊಳ್ಳಿ, ಚೀಟಿ ಈ ಪರದೆ ಮೇಲೆ ಬರತ್ತೆ. ಅದನ್ನ ಓದಿ ಮುಂದಿನದು ಹೇಳಿ, ಅಷ್ಟೆ.”

ಗೇಟ್‌ಕೀಪರಿಗೆ ಯಂತ್ರವೇನು, ಮನುಷ್ಯಳೇನು. ಖಾಲಿ ಕಂಡಲ್ಲಿಗೆ ದಬ್ಬಿತು. ಸಿರಾದ ಹುಡುಗನೊಬ್ಬನ ಒಬ್ಬಟ್ಟು ಹರಿದುಹೋಗಿತ್ತು, ಬೈದು ಸರಿಮಾಡಿದಳು. ತುರುವೇಕೆರೆಯ ನವದಂಪತಿಗಳಿಗೆ ಮಾವಿನಕಾಯಿ ಚಿತ್ರಾನ್ನದ ನಡುವೆ ಜಗಳ ಹತ್ತಿತ್ತು, ಅದನ್ನೂ ಬೈದು ಸರಿಮಾಡಿದಳು. ಮುಂದಿನ ಕರೆಯ ಚೀಟಿ ಪರದೆಯ ಮೇಲೆ ಬಂತು. ಗಂಟು ಸರಿಯಾಗಿತ್ತು. ‘ಒಬ್ಬಟ್ಟಿನ ಸಾರು. ಕಟ್ಟು ಬಸಿದಾಗಿದೆ. ಹುಣಸೆ ಬಿದ್ದಿದೆ. ಇವರಿಗೆ ನಾಲಿಗೆಯಲ್ಲಿ ರುಚಿ ತಿಳಿಯದು, ಅಳತೆಯಲ್ಲೇ ಹೇಳಬೇಕು.’

ಪಾಪ, ಯಾರೋ ಎಂದುಕೊಂಡಳು ಸರ್ವಮಂಗಳ. ಕಿವಿಯಲ್ಲಿ ಕುಕ್ಕರು ಕೂಗಿತು. ಅರ್ಧ ಕೂಗಿ, ಕೆಮ್ಮಿ, ಮತ್ತೆ ಅರ್ಧ ಕೂಗುವ ಆ ಕುಕ್ಕರು ಭೂಮಿಯ ಮೇಲೆ ಒಂದೇ ಮನೆಯಲ್ಲಿತ್ತು.

“ಅಕ್ಕಾ, ಇದೀಯೇನೇ?” ಎಂದು ಗುರುಶಾಂತಮ್ಮ ಪಿಸುಗುಟ್ಟಿದರು.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಹೇಳಿ,” ಎಂದಳು ಕೊನೆಗೆ.

“ಯಾಕೆ, ಗಂಟ್ಲು ಕಟ್ಟಿದೆ? ಪೆಟ್ಟಿಗೆಗೂ ಶೀತ ಆಗತ್ತಾ? ಇರ್ಲಿ, ಬೇಗ ಹೇಳು, ಮಗ ದೇವರ ಮನೇಲಿದಾನೆ. ಅವಳು ಬೇಳೆ ಬೇಯೋಕಿಟ್ಟು ನಿಮ್ಮ ಟಾಕೀಸಿಗೇ ಹೋದ್ಲು. ಹೋಗೋವಾಗ ಉಪ್ಪು ಹಾಕಿದ್ಲೋ ಇಲ್ವೋ ಗೊತ್ತಿಲ್ಲ. ಎಡೆಗೆ ಮುಂಚೆ ಬಾಯಿಗೆ ಹಾಕಂಗಿಲ್ಲ. ಹಾಕಿದ್ರೂ ಈ ನಾಲಿಗೆಗೆ ಏನು ಗೊತ್ತಾಗತ್ತೆ, ನಿಂಗೆ ಹೇಳಿದೀನಲ್ಲ.”

ಚೀಟಿಯಲ್ಲಿ ಉಪ್ಪಿನ ಮಾತೇ ಇರಲಿಲ್ಲ. ಹನ್ನೆರಡು ಅಕ್ಕಂದಿರಲ್ಲಿ ಯಾರೇ ಎತ್ತಿಕೊಂಡಿದ್ದರೂ ಗೊತ್ತಿಲ್ಲ ಎನ್ನಬೇಕಿತ್ತು. “ಹಾಕಿಲ್ಲ,” ಎಂದಳು ಸರ್ವಮಂಗಳ. “ಎರಡೂವರೆ ಚಮಚ ಹಾಕಿ. ಆ ಹಳೇ ಸ್ಟೀಲಿನ ಚಮಚದಲ್ಲಿ.”

ಆ ಕಡೆ ಡಬ್ಬಿಯ ಮುಚ್ಚಳ ತಿರುಗಿಸುವ ಸದ್ದು ನಡುವೆಯೇ ನಿಂತಿತು.

“ಹಾಕಿಲ್ಲ ಅಂತ ನಿಂಗೆ ಹೆಂಗೆ ಗೊತ್ತು?”

“ನಾನು ಅವರದೇ ಅಚ್ಚಲ್ವಾ? ನಾನಾಗಿದ್ರೂ ಬೇಳೆ ಬೇಯೋಕೆ ಮುಂಚೆ ಹಾಕ್ತಿರ್ಲಿಲ್ಲ.”

“ಅದೂ ಸರಿ,” ಎಂದರು ಗುರುಶಾಂತಮ್ಮ. ಚಮಚ ಡಬ್ಬಿಗೆ ತಾಗಿದ ಸದ್ದು ಬಂತು. ಒಂದು. ಎರಡು.

ಸರ್ವಮಂಗಳ ಕೇಳಬಾರದೆಂದುಕೊಂಡೇ ಕೇಳಿದಳು. “ಮನೇಲಿರೋರಿಗೆ ಹೇಳಬಹುದಲ್ಲ?”

“ಏನಂತ? ಚಳಿಗಾಲದಿಂದ ನಂಗೆ ಉಪ್ಪು, ಹುಳಿ ಒಂದೂ ಗೊತ್ತಾಗ್ತಿಲ್ಲ ಅಂತಲಾ? ಸಂಕ್ರಾಂತೀಲಿ ಅವಳು ಹುಗ್ಗಿಗೆ ಉಪ್ಪೇ ಹಾಕಿರ್ಲಿಲ್ಲವಂತೆ, ಮೊಮ್ಮಗಳು ಆಮೇಲೆ ನಗ್ತಿದ್ಲು. ನಾನು ಸರಿಯಾಗಿದೆ ಅಂದಿದ್ದೆ. ಈ ಮನೇಲಿ ನಂಗೆ ಉಳಿದಿರೋದು ಅದೊಂದೇ ಕೆಲಸ ಕಣೇ. ಅದೂ ಹೋದ್ರೆ ಟಿವಿ ಮುಂದೆ ಒಂದು ದಿಂಬಿಟ್ಟ ಹಾಗೆ ನನ್ನೂ ಇಡ್ತಾರೆ.”

“ಸೊಸೆ ಅಷ್ಟು ಕೆಟ್ಟವಳಾ?”

“ಕೆಟ್ಟೋಳಾಗಿದ್ರೆ ಜಗಳ ಆಡಿ ಹೇಳ್ತಿದ್ದೆ. ಒಳ್ಳೇಳು, ಅದೇ ಭಯ. ‘ನೀವು ಕೂತ್ಕಳಿ ಅತ್ತೆ’ ಅಂತಾಳೆ. ಕೂರಿಸೇಬಿಡ್ತಾಳೆ.” ಮೂರನೆಯ ಸಲ, ಅರ್ಧದ್ದು, ಡಬ್ಬಿಯ ಸದ್ದು. “ನೀನು ಒಳ್ಳೇಳೇ, ನಿಂಗೆ ತಾಳ್ಮೆ ಇದೆ. ಅವಳಿಗೆ ಮೂಗಿನ ತುದೀಲಿ ಸಿಟ್ಟು. ಆದ್ರೆ ತಪ್ಪು ತಿಳ್ಕೋಬೇಡ, ಕೈರುಚಿ ಅವಳದೇ ಮೇಲು. ಮುಂಚೆ ರುಚಿ ಗೊತ್ತಾಗ್ತಿದ್ದ ಕಾಲದಲ್ಲಿ ಒಂದು ದಿನಾನೂ ಅವಳಿಗೆ ಹೇಳಲಿಲ್ಲ ನೋಡು. ಈಗ ಹೇಳಿದ್ರೆ ಸುಳ್ಳಾಗತ್ತೆ. ಸರಿ, ಇಡ್ಲಾ? ಗಂಟೆ ಹೊಡೀತಿದಾನೆ.”

ಚೀಟಿ ಮುಚ್ಚಿತು. ‘ಉಪ್ಪು ಬಿದ್ದಿದೆ’ ಎಂಬ ಸಾಲನ್ನು ಸೇರಿಸಿ, ಗಂಟು ಬಿಗಿದು, ಯಂತ್ರ ಅದನ್ನು ಅತ್ತೆಯ ಫೋನಿಗೆ ವಾಪಸು ಕಳಿಸಿತು. ಪರದೆ ಖಾಲಿಯಾಯಿತು.

“ಆಂಟಿ, ನಾಲ್ಕನೇ ಸಾಲು ಎದ್ದಿದೆ, ನೀವು ಹೊರಡಿ,” ಎಂದು ನಾಜ್ನೀನ್ ಓಡಿಬಂದಳು. “ಹದಿಮೂರರಲ್ಲಿ ಏನಾದ್ರೂ ಉಳ್ಕೊಂಡಿದ್ಯಾ? ಯಾವ ಸಾಲಿನಲ್ಲೂ ಯಾರ ಮಾತೂ ಉಳಿಬಾರ್ದು, ಅದೇ ಈಗ ನಮ್ಮ ರೂಲ್ಸು. ಅಳಿಸ್ಬೇಕು.”

“ಏನೂ ಉಳಿದಿಲ್ಲಮ್ಮ,” ಎಂದು ಸರ್ವಮಂಗಳ, ಚಳಿಗೆಂದು ಅವಳಿಂದ ಇಸಿದುಕೊಂಡಿದ್ದ ಸ್ವೆಟರು ಬಿಚ್ಚಿಕೊಟ್ಟಳು.

ಜಯತೀರ್ಥ ಬಾಗಿಲವರೆಗೆ ಬಂದು ಕೈಮುಗಿದ. “ಹುಬ್ಬಳ್ಳಿಯವರಿಗೆ ಬೇಡ ಅಂತ ಹೇಳ್ಬಿಡ್ತೀನಿ ಮೇಡಂ. ಜನ ಕೇಳ್ತಿದಾರೆ, ಅಕ್ಕನಿಗೆ ನೆನಪು ಹೆಂಗೆ ವಾಪಸ್ ಬಂತು ಅಂತ.”

“ಒಂದೆಲಗ ತಿಂದ್ಲು ಅಂತ ಹೇಳಿ,” ಎಂದು ಅವಳು ಆಟೋ ಹತ್ತಿದಳು.

*

ಎಡೆಯಾಯಿತು. ಗುರುಶಾಂತಮ್ಮ ಅಂಗೈ ಚಾಚಿದರು. ಸರ್ವಮಂಗಳ ಅದರ ಮೇಲೆ ಸಾರು ಬಿಟ್ಟಳು. ಅವರು ಬಾಯಿಗಿಟ್ಟುಕೊಂಡು ಕಣ್ಣು ಕಿರಿದು ಮಾಡಿ, ಬಹಳ ದೂರದಿಂದ ಬರುವ ಯಾರದೋ ದನಿಗೆ ಕಿವಿಗೊಟ್ಟವರಂತೆ ಒಂದು ಗಳಿಗೆ ಕಾದರು. ಇಷ್ಟು ವರ್ಷ ಆ ಮುಖವನ್ನು ನ್ಯಾಯಾಧೀಶರ ಮುಖದಂತೆ ನೋಡಿದ್ದ ಸರ್ವಮಂಗಳೆಗೆ ಅದು ಪರೀಕ್ಷೆಯ ಕೋಣೆಯಲ್ಲಿ ಕೂತವರ ಮುಖದಂತೆ ಕಂಡಿತು.

“ಹ್ಞೂಂ. ಸರಿಯಾಗಿದೆ.”

ಮರುಳಸಿದ್ದಪ್ಪ ಅಳುಕುತ್ತ ಒಂದು ತುತ್ತು ಕಲಸಿ ತಿಂದರು. ಮುಖ ಅರಳಿತು. ಉಪ್ಪಿನಕಾಯಿಯ ಜಾಡಿಯನ್ನು ದೂರ ತಳ್ಳಿದರು. “ನಮ್ಮಮ್ಮನ ನಾಲಿಗೆ ಅಂದ್ರೆ ನಾಲಿಗೆ,” ಎಂದರು.

“ಸಾರು ಅಜ್ಜಿದಾ?” ಎಂದು ಹಂಸಾ ಬೆರಳು ನೆಕ್ಕಿದಳು.

“ನಾನು ಸುಮ್ನೆ ಕೂತಿದ್ದೆ,” ಎಂದರು ಗುರುಶಾಂತಮ್ಮ. ಅವರ ಕಿವಿ ಕೆಂಪಗಾಗಿತ್ತು.

ಸಂಜೆ ಎಲ್ಲರೂ ಚಂದ್ರನನ್ನು ಹುಡುಕಲು ಮಾಳಿಗೆ ಹತ್ತುವ ತಯಾರಿಯಲ್ಲಿದ್ದಾಗ ಸರ್ವಮಂಗಳ ರಾತ್ರಿಯ ಪಲ್ಯಕ್ಕೆ ಉಪ್ಪು ಹಾಕಿ ಮುಚ್ಚಳ ಮುಚ್ಚಿದಳು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, ಗೋಡೆ ಹಿಡಿದು ನಿಂತು, ಒಲೆಯತ್ತ ನೋಡಿದರು. “ನೀವು ಕೂ...” ಎನ್ನುವಷ್ಟರಲ್ಲಿ ಸರ್ವಮಂಗಳ ಬಾಯಿ ಮುಚ್ಚಿದಳು. ಹನ್ನೆರಡು ಯಂತ್ರಗಳೂ ಮರೆತಿದ್ದವು. ಹದಿಮೂರನೆಯದು ಮರೆಯುವ ಹಾಗಿರಲಿಲ್ಲ.

“ನಾನೂ ಮೇಲೆ ಹೋಗಿ ಬರ್ತೀನಿ ಅತ್ತೆ,” ಎಂದಳು. “ಒಲೆ ನೀವು ನೋಡ್ಕಳಿ. ಹುಳಿ ಇನ್ನೂ ಹಾಕ್ಬೇಕು, ಎಷ್ಟು ಅಂತ ನಿಮಗೇ ಗೊತ್ತು.”

ಹೊರಡುವ ಮುಂಚೆ, ಕಿಟಕಿಯ ಹತ್ತಿರ ಬಟ್ಟಲಲ್ಲಿದ್ದ ಕರಿಬೇವಿನಿಂದ ಒಂದು ಕಡ್ಡಿ ಮುರಿದು ಮುಚ್ಚಳದ ಮೇಲೆ ಇಟ್ಟಳು. ತೊಟ್ಟು ಹೊರಕ್ಕೆ. ನಾಳೆಯೂ, ನಾಡಿದ್ದೂ, ಈ ಮನೆಯಲ್ಲಿ ಒಲೆ ಉರಿಯುವ ಅಷ್ಟೂ ದಿನ. ಯಾಕೆಂದು ಯಾರಾದರೂ ಕೇಳಿದರೆ ಕೈಯಿಂದ ಜಾರಿಬಿತ್ತು ಎಂದರಾಯಿತು.

“ಮಂಗಳಾ,” ಎಂದು ಮಾಳಿಗೆಯಿಂದ ಗಂಡ ಕೂಗಿದರು, “ಆಗ ಹೇಳಿದ್ನಲ್ಲ, ಅದೇನಾಯ್ತು?”

“ಮರ್ತುಹೋಯ್ತು ರೀ,” ಎಂದು ಸರ್ವಮಂಗಳ ಮೆಟ್ಟಿಲು ಹತ್ತಿದಳು.